ಹೊಲದ ಗಾಡಿ ಮನೆಗೆ ಬಂದ ಕತೆ

ಅಮೆರಿಕದ ಮಧ್ಯಮ ವರ್ಗದ ಕುಟುಂಬವೊಂದು ಹೊಸ ಪಿಕಪ್ ಟ್ರಕ್ ಕೊಳ್ಳಲು ಹೊರಟರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಗಳು ಎರಡು. ಕ್ಯಾಬ್ ಎಷ್ಟು ದೊಡ್ಡದಿರಬೇಕು? ಎಂಜಿನ್ ಯಾವುದಿರಬೇಕು? ಬಣ್ಣ, ಸೀಟಿನ ಬಟ್ಟೆ, ಹಾಡಿನ ಪೆಟ್ಟಿಗೆ ಎಲ್ಲವೂ ಆಮೇಲಿನ ಮಾತು. ಕ್ಯಾಬ್ ಎಂದರೆ ಚಾಲಕನೂ ಜೊತೆಯವರೂ ಕೂರುವ ಗೂಡು. ಅದರ ಹಿಂದಿರುವುದು ಸರಕು ತುಂಬುವ ತೆರೆದ ತೊಟ್ಟಿ. ಗೂಡು ಹಿಗ್ಗಿದಷ್ಟೂ ತೊಟ್ಟಿ ಕುಗ್ಗುತ್ತದೆ. ಎಂಜಿನ್ ಹಿಗ್ಗಿದಷ್ಟೂ ಜೇಬು ಕುಗ್ಗುತ್ತದೆ. ಈ ಎರಡು ಪ್ರಶ್ನೆಗಳ ಹಿಂದೆ ನೂರು ವರ್ಷಗಳ ಇತಿಹಾಸವಿದೆ, ಕಾನೂನಿದೆ, ಒಂದು ಕೋಳಿ ಜಗಳವೂ ಇದೆ.

ನಮ್ಮ ಹಳ್ಳಿಗಳಲ್ಲಿ ವಾರವೆಲ್ಲ ಗೊಬ್ಬರ ಹೊತ್ತ ಎತ್ತಿನ ಗಾಡಿಗೇ ಜಾತ್ರೆಯ ದಿನ ಕಮಾನು ಕಟ್ಟಿ, ಹುಲ್ಲು ಹಾಸಿ, ಮೇಲೊಂದು ಜಮಖಾನ ಹರಡಿ ಮನೆಮಂದಿಯನ್ನು ಕೂರಿಸುತ್ತಿದ್ದರು. ಜಾತ್ರೆ ಮುಗಿದ ಮೇಲೆ ಕಮಾನು ಬಿಚ್ಚಿದರೆ ಗಾಡಿ ಮತ್ತೆ ಹೊಲದ್ದು. ಅಮೆರಿಕದ ಪಿಕಪ್‌ಗೂ ಇಂಥದೇ ಕಮಾನು ಕಟ್ಟಲಾಯಿತು. ವ್ಯತ್ಯಾಸವೆಂದರೆ, ಅಲ್ಲಿ ಕಟ್ಟಿದ ಕಮಾನನ್ನು ಯಾರೂ ಬಿಚ್ಚಲಿಲ್ಲ.

281 ಡಾಲರಿನ ಗಾಡಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಅಮೆರಿಕದ ರೈತರ ಅಂಗಳಕ್ಕೆ ಬಂದಾಗ ಅವರು ಅದನ್ನು ಬರೀ ಕಾರಾಗಿ ಉಳಿಸಲಿಲ್ಲ. ಹಿಂದಿನ ಚಕ್ರವೊಂದನ್ನು ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟ್ ಹಾಕಿ ನೀರೆತ್ತಿದರು, ಮರ ಕೊಯ್ದರು. ಹಲವರು ಹಿಂಭಾಗವನ್ನು ಕತ್ತರಿಸಿ ಅಲ್ಲೊಂದು ಮರದ ಪೆಟ್ಟಿಗೆ ಕೂರಿಸಿ ಹಾಲಿನ ಕ್ಯಾನು, ಮೇವು, ತರಕಾರಿ ಸಾಗಿಸಿದರು. ರೈತರು ಗರಗಸ ಹಿಡಿದು ಮಾಡುತ್ತಿದ್ದ ಈ ಕೆಲಸವನ್ನು 1925ರಲ್ಲಿ ಕಂಪನಿ ತಾನೇ ಕಾರ್ಖಾನೆಯಲ್ಲಿ ಮಾಡಿ ಮಾರಲು ತೊಡಗಿತು. 'ಪಿಕಪ್ ಬಾಡಿ'ಯ ಆ ಮಾಡೆಲ್ ಟಿ ಗಾಡಿಯ ಬೆಲೆ 281 ಡಾಲರ್. ಎಂಜಿನ್ 20 ಅಶ್ವಶಕ್ತಿಯದು. ಹಿಂದಿನ ಉಕ್ಕಿನ ತೊಟ್ಟಿಯ ಉದ್ದ 56 ಅಂಗುಲ. ಮೊದಲ ವರ್ಷವೇ ಸುಮಾರು 34 ಸಾವಿರ ಗಾಡಿಗಳು ತಯಾರಾದವು.

ಆಗ ಆಯ್ಕೆಯ ತಲೆನೋವು ಇರಲಿಲ್ಲ. ಒಂದೇ ಎಂಜಿನ್, ಒಂದೇ ಸಾಲು ಸೀಟು. ಎರಡನೆಯ ಮಹಾಯುದ್ಧದ ನಂತರ ಕಂಪನಿಗಳು ಚಾಲಕನ ಸುಖದ ಕಡೆ ಗಮನ ಕೊಟ್ಟವು. 1947ರಲ್ಲಿ ಷೆವರ್ಲೆ ಮೂವರು ಆರಾಮವಾಗಿ ಕೂರುವ ಅಗಲದ ಗೂಡನ್ನು ತಂದಿತು. 1948ರ ಮಾದರಿಯಾಗಿ ಬಂದ ಫೋರ್ಡಿನ ಎಫ್-1 ಟ್ರಕ್ಕಿನ ಕ್ಯಾಬನ್ನು 'ಮಿಲಿಯನ್ ಡಾಲರಿನ ಕ್ಯಾಬ್' ಎಂದೇ ಜಾಹೀರಾತಿನಲ್ಲಿ ಸಾರಲಾಯಿತು. ಆದರೂ ಸೀಟು ಒಂದೇ ಸಾಲು. ಗಂಡ, ಹೆಂಡತಿ, ನಡುವೆ ಒಂದು ಮಗು. ಇನ್ನೂ ಮಕ್ಕಳಿದ್ದರೆ ಅವರಿಗೆ ಹಿಂದಿನ ತೊಟ್ಟಿಯೇ ಗತಿ.

ಆಳುಗಳ ಗೂಡು, ಮಕ್ಕಳ ಗೂಡು

ಎರಡು ಸಾಲು ಸೀಟಿನ ಪಿಕಪ್ ಹುಟ್ಟಿದ್ದು ಕುಟುಂಬಕ್ಕಾಗಿ ಅಲ್ಲ. ಅದರ ಹೆಸರೇ ಇದನ್ನು ಹೇಳುತ್ತದೆ. ಅದು 'ಕ್ರೂ ಕ್ಯಾಬ್', ಅಂದರೆ ಕೆಲಸಗಾರರ ತಂಡ ಕೂರುವ ಗೂಡು. ರೈಲು ಹಳಿ ದುರಸ್ತಿ ಮಾಡುವವರು, ವಿದ್ಯುತ್ ತಂತಿ ಎಳೆಯುವವರು, ಕಾಡಿನ ಬೆಂಕಿ ಆರಿಸುವವರು ಆಯುಧಗಳ ಜೊತೆಗೆ ಒಂದೇ ಗಾಡಿಯಲ್ಲಿ ಹೋಗಬೇಕಿತ್ತು. ಕೃಷಿ ಯಂತ್ರಗಳಿಗೆ ಹೆಸರಾಗಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1957ರಲ್ಲಿ ಟ್ರಾವೆಲೆಟ್ ಎಂಬ ಗಾಡಿಯನ್ನು ತಂದಿತು. ಅದಕ್ಕೆ ಎರಡು ಸಾಲು ಸೀಟು, ಮೂರು ಬಾಗಿಲು. ನಾಲ್ಕನೆಯ ಬಾಗಿಲು ಬಂದದ್ದು 1961ರಲ್ಲಿ. ಜರ್ಮನಿಯ ಫೋಕ್ಸ್‌ವ್ಯಾಗನ್ ಕೂಡ 1958ರ ಹೊತ್ತಿಗೆ ತನ್ನ ವ್ಯಾನನ್ನೇ ಆಧರಿಸಿ ಜೋಡಿ ಗೂಡಿನ ಪಿಕಪ್ ಮಾಡಿತ್ತು. ಡಾಡ್ಜ್ ಮತ್ತು ಫೋರ್ಡ್ 1960ರ ದಶಕದಲ್ಲಿ ಇದೇ ದಾರಿ ಹಿಡಿದವು. ಕೊಳ್ಳುವವರು ಬಹುಪಾಲು ಗುತ್ತಿಗೆದಾರರು, ಸರ್ಕಾರಿ ಇಲಾಖೆಗಳು.

ಕುಟುಂಬಕ್ಕೂ ಕೆಲಸಕ್ಕೂ ನಡುವಿನ ದಾರಿಯೊಂದು 1973ರಲ್ಲಿ ಸಿಕ್ಕಿತು. ಡಾಡ್ಜ್ ಕಂಪನಿ ಕ್ಲಬ್ ಕ್ಯಾಬ್ ಎಂಬ ಹೆಸರಿನಲ್ಲಿ ಸೀಟಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು, ಅಲ್ಲಿ ಮಡಚುವ ಚಿಕ್ಕ ಸೀಟುಗಳನ್ನು ಇಟ್ಟಿತು. ಮರುವರ್ಷವೇ ಫೋರ್ಡ್ ಸೂಪರ್‌ಕ್ಯಾಬ್ ತಂದಿತು. ಆದರೆ ಹತ್ತುವುದು ಮುಂದಿನ ಬಾಗಿಲಿನಿಂದಲೇ. ಸೀಟು ಬಗ್ಗಿಸಿ, ಮೈ ಹಿಡಿ ಮಾಡಿ ಒಳಗೆ ತೂರಬೇಕಿತ್ತು. 1990ರ ದಶಕದ ನಡುವಿನಲ್ಲಿ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಒಂದು ಬದಿಗೆ ಮೂರನೆಯ ಬಾಗಿಲು ಕೊಟ್ಟವು. 1998ರಲ್ಲಿ ಡಾಡ್ಜ್ ನಾಲ್ಕನೆಯದನ್ನೂ ಇಟ್ಟಿತು.

ಬಾಗಿಲುಗಳು ಹೀಗೆ ಹೆಚ್ಚಿದ್ದು ಬರೀ ಮಾರಾಟಗಾರರ ಜಾಣ್ಮೆಯಿಂದಲ್ಲ. ಅದಕ್ಕೆ ಗಂಭೀರವಾದ ಕಾರಣವೊಂದಿತ್ತು. ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮ 1999ರ ಮಾದರಿಯಿಂದ ಲಘು ಟ್ರಕ್‌ಗಳಿಗೂ ಅನ್ವಯಿಸಿತು. ಅಪಘಾತದ ಕ್ಷಣದಲ್ಲಿ ಸ್ಫೋಟದಂತೆ ಉಬ್ಬುವ ಏರ್‌ಬ್ಯಾಗ್ ದೊಡ್ಡವರ ಜೀವ ಉಳಿಸುತ್ತದೆ. ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂರಿಸಿದ ಹಸುಗೂಸಿಗೆ ಅದೇ ಮಾರಕ. ಹದಿಮೂರು ವರ್ಷದೊಳಗಿನ ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಬೇಕೆಂದು ತಜ್ಞರು ಹೇಳತೊಡಗಿದರು. ಹಿಂದಿನ ಸೀಟೇ ಇಲ್ಲದ ಪಿಕಪ್‌ನಲ್ಲಿ ಏನು ಮಾಡುವುದು? ಏರ್‌ಬ್ಯಾಗನ್ನು ಬೇಕೆಂದಾಗ ಆರಿಸುವ ಕೀಲಿಯನ್ನು ಇಡಲು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಂಥ ಗಾಡಿಗಳಿಗೆ 1995ರಲ್ಲಿ ಅವಕಾಶ ಕೊಟ್ಟಿತು. ಅದು ತೇಪೆಯ ಪರಿಹಾರ. ನಿಜವಾದ ಪರಿಹಾರ ಪೂರ್ಣ ಗಾತ್ರದ ಹಿಂದಿನ ಸೀಟು. ಫೋರ್ಡ್ ತನ್ನ ಜನಪ್ರಿಯ ಎಫ್-150 ಗಾಡಿಗೆ 2001ರ ಮಾದರಿಯಲ್ಲಿ ನಾಲ್ಕು ಪೂರ್ಣ ಬಾಗಿಲುಗಳ ಸೂಪರ್‌ಕ್ರೂ ಗೂಡನ್ನು ಕೊಟ್ಟಿತು. ಆಳುಗಳ ಗೂಡು ಮಕ್ಕಳ ಗೂಡಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಇದಕ್ಕೆ ತೆತ್ತ ಬೆಲೆ ತೊಟ್ಟಿಯ ಉದ್ದ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯೇ ಅಮೆರಿಕದ ಬಡಗಿಯ ಅಳತೆಗೋಲು. ಹಳೆಯ ಎಂಟು ಅಡಿ ತೊಟ್ಟಿಯಲ್ಲಿ ಅದು ಚಪ್ಪಟೆಯಾಗಿ ಮಲಗಿ, ಹಿಂದಿನ ಬಾಗಿಲನ್ನು ಮುಚ್ಚಬಹುದಿತ್ತು. ದೊಡ್ಡ ಗೂಡಿನ ಎಫ್-150ಗೆ ಸಾಮಾನ್ಯವಾಗಿ ಬರುವುದು ಐದೂವರೆ ಅಡಿ ತೊಟ್ಟಿ. ಆದರೂ ಗಾಡಿಯ ಒಟ್ಟು ಉದ್ದ ಐದೂ ಮುಕ್ಕಾಲು ಮೀಟರ್ ದಾಟುತ್ತದೆ. ಆರೂವರೆ ಅಡಿಯ ತೊಟ್ಟಿ ಬೇಕೆಂದರೆ ಗಾಡಿ ಇನ್ನೂ ಒಂದಡಿ ಉದ್ದವಾಗುತ್ತದೆ. ಆಗ ಮನೆಯ ಗ್ಯಾರೇಜಿನ ಬಾಗಿಲು ಮುಚ್ಚುವುದೇ ಕಷ್ಟ.

ಕೋಳಿಯ ಜಗಳ, ಟ್ರಕ್ಕಿನ ಸುಂಕ

ಅಷ್ಟು ದೊಡ್ಡ ಗಾಡಿ ಬೇಡವೆನ್ನುವವರು ಚಿಕ್ಕದನ್ನು ಕೊಳ್ಳಬಾರದೇ? ಕೊಳ್ಳಬಹುದು, ಆದರೆ ಆಯ್ಕೆ ಬಹುಕಾಲ ಕಿರಿದಾಗಿಯೇ ಇತ್ತು. ಇದರ ಬೇರು ಕೋಳಿ ಮಾಂಸದಲ್ಲಿದೆ ಎಂದರೆ ಅಚ್ಚರಿಯಾದೀತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಪಶ್ಚಿಮ ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳ ಸಮುದಾಯ ಅದರ ಮೇಲೆ ಭಾರಿ ಸುಂಕ ಹೇರಿತು. ಮಾತುಕತೆ ಫಲಿಸಲಿಲ್ಲ. 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತೀಕಾರವಾಗಿ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಲಘು ಟ್ರಕ್‌ಗಳ ಆಮದಿನ ಮೇಲೆ ಏರಿಸಿದ ಸುಂಕವನ್ನು ಘೋಷಿಸಿದರು. ಟ್ರಕ್‌ಗಳ ಮೇಲಿನದು ಶೇ 25. ಗುರಿ ಫೋಕ್ಸ್‌ವ್ಯಾಗನ್. ಕೋಳಿಯ ಜಗಳವನ್ನು ಜನ ಮರೆತರು. ಟ್ರಕ್ಕಿನ ಸುಂಕ ಮಾತ್ರ ದಶಕಗಳ ಕಾಲ ಅಲುಗಾಡದೆ ಉಳಿಯಿತು. ಇಂದಿಗೂ ಅದರ ಹೆಸರು 'ಕೋಳಿ ತೆರಿಗೆ'.

ಜರ್ಮನಿಗೆ ಹಾಕಿದ ಬಲೆಗೆ ಮುಂದೆ ಜಪಾನ್ ಸಿಕ್ಕಿತು. ಜಪಾನಿನ ಕಂಪನಿಗಳು ಚಾಪೆಯ ಕೆಳಗೆ ತೂರುವವನ ಎದುರು ರಂಗೋಲಿಯ ಕೆಳಗೆ ತೂರಿದವು. ತೊಟ್ಟಿಯಿಲ್ಲದ ಗಾಡಿಯನ್ನು ಕಡಿಮೆ ಸುಂಕದಲ್ಲಿ ತಂದು, ಅಮೆರಿಕದಲ್ಲಿ ತೊಟ್ಟಿ ಜೋಡಿಸಿ ಮಾರಿದವು. ಆ ಕಿಂಡಿಯನ್ನು 1980ರಲ್ಲಿ ಮುಚ್ಚಲಾಯಿತು. ಸುಬಾರು ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ರ್ಯಾಟ್ ಎಂಬ ತನ್ನ ಪುಟ್ಟ ಗಾಡಿಯ ತೊಟ್ಟಿಯೊಳಗೇ ಎರಡು ಪ್ಲಾಸ್ಟಿಕ್ ಸೀಟುಗಳನ್ನು ಕೂರಿಸಿತು. ಸೀಟು ಇರುವುದರಿಂದ ಇದು ಟ್ರಕ್ ಅಲ್ಲ, ಜನ ಕೂರುವ ಕಾರು ಎಂಬ ವಾದ! ಶೇ 25ರ ಬದಲು ಕಾರಿನ ಅಲ್ಪ ಸುಂಕ ಕಟ್ಟಿ ಅದು ದೇಶದೊಳಗೆ ಬಂತು.

ಇದೇ ಹೊತ್ತಿನಲ್ಲಿ ಇನ್ನೊಂದು ಕಾನೂನು ಕೂಡ ದೊಡ್ಡ ಟ್ರಕ್ಕಿಗೆ ಅನುಕೂಲವಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ, 1975ರಲ್ಲಿ ಅಮೆರಿಕ ಇಂಧನ ಮಿತವ್ಯಯದ ಕಾಯಿದೆ ತಂದಿತು. ಕಾರುಗಳಿಗೆ ಒಂದು ಮಟ್ಟ, ರೈತರ ಮತ್ತು ಕಸುಬುದಾರರ ಸಾಧನವೆಂದು ಟ್ರಕ್‌ಗಳಿಗೆ ಸಡಿಲವಾದ ಇನ್ನೊಂದು ಮಟ್ಟ ನಿಗದಿಯಾಯಿತು. 1996ರ ಲೆಕ್ಕ ನೋಡಿದರೆ, ಕಾರುಗಳು ಸರಾಸರಿ ಲೀಟರಿಗೆ ಸುಮಾರು 11.7 ಕಿ.ಮೀ. ಕೊಡಬೇಕಿತ್ತು, ಲಘು ಟ್ರಕ್‌ಗಳಿಗೆ 8.8 ಕಿ.ಮೀ. ಸಾಕಿತ್ತು. ಎಫ್-150 ಎಂಬ ಗಾಡಿಯ ಹುಟ್ಟಿನಲ್ಲೂ ಇಂಥ ಲೆಕ್ಕಾಚಾರವಿದೆ. 1975ರಲ್ಲಿ ಅದರ ಒಟ್ಟು ತೂಕದ ಮಿತಿಯನ್ನು 6,000 ಪೌಂಡಿಗಿಂತ ತುಸು ಮೇಲೆ ಇಡಲಾಯಿತು. ಆ ಗೆರೆ ದಾಟಿದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಆಗ ಕಡ್ಡಾಯವಿರಲಿಲ್ಲ. ಹೀಗೆ ಹುಟ್ಟಿದ ಗಾಡಿಯ ಬಳಗವೇ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಎಂಬ ಹೆಗ್ಗಳಿಕೆ ಉಳಿಸಿಕೊಂಡು ಬಂದಿತು.

ಓಡುವ ಬಲ, ಎಳೆಯುವ ಬಲ

ಇನ್ನು ಎಂಜಿನ್ನಿನ ಮಾತು. ಅಂಗಡಿಯಲ್ಲಿ ಮಾರಾಟಗಾರ ಮೊದಲು ಹೇಳುವುದು ಅಶ್ವಶಕ್ತಿ. ಹೊರೆ ಎಳೆಯುವವನು ಕೇಳಬೇಕಾದದ್ದು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ, ಮತ್ತು ಆ ಬಲ ಎಷ್ಟು ಕಡಿಮೆ ಸುತ್ತಿನಲ್ಲಿ ಸಿಗುತ್ತದೆ ಎಂಬುದು. ಜಟಕಾ ಕುದುರೆಗೂ ಉಳುವ ಎತ್ತಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1989ರಲ್ಲಿ ಡಾಡ್ಜ್ ತನ್ನ ಟ್ರಕ್ಕಿಗೆ ಕಮಿನ್ಸ್ ಕಂಪನಿಯ 5.9 ಲೀಟರಿನ ಡೀಸೆಲ್ ಎಂಜಿನ್ ಹಾಕಿತು. ಅಶ್ವಶಕ್ತಿ ಬರೀ 160. ಟಾರ್ಕ್ ಮಾತ್ರ 400 ಪೌಂಡ್-ಅಡಿ, ಅದೂ ನಿಮಿಷಕ್ಕೆ 2,000ಕ್ಕಿಂತ ಕಡಿಮೆ ಸುತ್ತಿನಲ್ಲಿ. ಕುದುರೆ ಲಾಯ, ದನದ ಕೊಟ್ಟಿಗೆ ಇರುವ ಮನೆಗಳು ಆ ಗಾಡಿಯನ್ನು ಮೆಚ್ಚಿದವು.

ಪೆಟ್ರೋಲಿನಲ್ಲಿ ಬಹುಕಾಲ ವಿ-8 ಎಂಜಿನ್ನೇ ದೊರೆ. ಎಂಟು ಸಿಲಿಂಡರ್ ಇಲ್ಲದ್ದು ಟ್ರಕ್ಕೇ ಅಲ್ಲ ಎಂಬ ಭಾವನೆ ತಂದೆಯಿಂದ ಮಗನಿಗೆ ಬಂದ ಆಸ್ತಿಯಂತಿತ್ತು. 2011ರ ಮಾದರಿಯಲ್ಲಿ ಫೋರ್ಡ್ ಎಫ್-150ಗೆ ನಾಲ್ಕು ಎಂಜಿನ್‌ಗಳನ್ನು ಕೊಟ್ಟಾಗ ಈ ನಂಬಿಕೆ ಅಲುಗಾಡಿತು. ಅದರಲ್ಲಿ 5 ಲೀಟರಿನ ವಿ-8 ಕೊಡುತ್ತಿದ್ದುದು 360 ಅಶ್ವಶಕ್ತಿ, 380 ಪೌಂಡ್-ಅಡಿ ಟಾರ್ಕ್. ಎರಡು ಟರ್ಬೊ ಜೋಡಿಸಿದ 3.5 ಲೀಟರಿನ ವಿ-6 ಕೊಡುತ್ತಿದ್ದುದು 365 ಅಶ್ವಶಕ್ತಿ, 420 ಪೌಂಡ್-ಅಡಿ. ವಿ-8ರ ಪೂರ್ಣ ಟಾರ್ಕ್ ಸಿಗಲು ಎಂಜಿನ್ ನಿಮಿಷಕ್ಕೆ 4,250 ಸುತ್ತು ಸುತ್ತಬೇಕು. ಟರ್ಬೊ ವಿ-6ಗೆ 2,500 ಸಾಕು. ಚಿಕ್ಕಣ್ಣ ದೊಡ್ಡಣ್ಣನನ್ನು ಸೋಲಿಸಿದಂತಾಯಿತು.

ಆದರೆ ಪ್ರಕೃತಿಯಲ್ಲಿ ಪುಕ್ಕಟೆ ಊಟವಿಲ್ಲ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗುವ ಪಂಖ. ಅದು ಹೆಚ್ಚು ಗಾಳಿಯನ್ನು ಒಳಗೆ ತುರುಕುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಇಂಧನ ಬೇಕೇ ಬೇಕು. ಗಾಡಿ ಖಾಲಿ ಇದ್ದಾಗ ಚಿಕ್ಕ ಎಂಜಿನ್ನಿನಂತೆ ಮಿತವಾಗಿ ಕುಡಿಯುತ್ತದೆ, ದೋಣಿ ಎಳೆಯುತ್ತ ಗುಡ್ಡ ಹತ್ತುವಾಗ ದೊಡ್ಡದರಂತೆಯೇ ಕುಡಿಯುತ್ತದೆ. ವರ್ಷದಲ್ಲಿ ನಾಲ್ಕು ದಿನ ಹೊರೆ ಎಳೆಯುವ ಮನೆಗೆ ಅದು ಲಾಭ. ದಿನವೂ ಎಳೆಯುವವನಿಗೆ ಆ ಉಳಿತಾಯ ಕಾಣುವುದಿಲ್ಲ. ಡೀಸೆಲ್ಲಿಗೂ ಇಂಥದೇ ಷರತ್ತು. 2007ರ ನಂತರದ ಅಮೆರಿಕದ ಡೀಸೆಲ್ ಪಿಕಪ್‌ಗಳಲ್ಲಿ ಮಸಿ ಹಿಡಿಯುವ ಶೋಧಕವಿದೆ. ಅದು ಸುಟ್ಟು ಶುದ್ಧವಾಗಲು ಎಂಜಿನ್ ಚೆನ್ನಾಗಿ ಕಾದು ದೂರ ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಮನೆಗೆ ಮರಳುವ ಮೂರು ಮೈಲಿಯ ಓಟಕ್ಕೆ ಡೀಸೆಲ್ ತಕ್ಕದ್ದಲ್ಲ.

ಬ್ಯಾಟರಿಯೂ ಈ ಪಟ್ಟಿಗೆ ಸೇರಿತು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹಿಮಗಾಳಿಗೆ ವಿದ್ಯುತ್ ಕಡಿದಾಗ, ಜನರೇಟರ್ ಅಳವಡಿಸಿದ ಹೈಬ್ರಿಡ್ ಪಿಕಪ್‌ಗಳ ಒಡೆಯರು ಅದರಿಂದಲೇ ಮನೆಯ ದೀಪ, ಒಲೆ ಹೊತ್ತಿಸಿಕೊಂಡರು. ನೂರು ವರ್ಷದ ಹಿಂದೆ ಮಾಡೆಲ್ ಟಿ ಚಕ್ರಕ್ಕೆ ಬೆಲ್ಟ್ ಹಾಕಿದ ರೈತನ ಬುದ್ಧಿಯೇ ಇದು. ಪೂರ್ಣ ವಿದ್ಯುತ್ತಿನ ಎಫ್-150 ಬಂದದ್ದು 2022ರಲ್ಲಿ. ಎಂಜಿನ್ ಇರಬೇಕಾದ ಜಾಗದಲ್ಲಿ ಬೀಗ ಹಾಕುವ ಪೆಟ್ಟಿಗೆ! ಆದರೆ ಭಾರಿ ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿಗೆ ಓಡುವ ದೂರ ಅರ್ಧದಷ್ಟಕ್ಕೆ ಇಳಿಯುವುದು ಅದರ ದೊಡ್ಡ ತೊಡಕಾಯಿತು.

ಬಾಗಿಲಂಚಿನ ಚೀಟಿ

ಹಾಗಾದರೆ ಕುಟುಂಬ ಯಾವುದನ್ನು ಆರಿಸಬೇಕು? ಉತ್ತರ ಜಾಹೀರಾತಿನಲ್ಲಿಲ್ಲ, ಚಾಲಕನ ಬಾಗಿಲು ತೆರೆದಾಗ ಕಾಣುವ ಪುಟ್ಟ ಚೀಟಿಯಲ್ಲಿದೆ. ಜನ ಮತ್ತು ಸರಕಿನ ಒಟ್ಟು ತೂಕ ಎಷ್ಟನ್ನು ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ಪಿಕಪ್‌ಗಳನ್ನು 'ಅರ್ಧ ಟನ್ನಿನದು', 'ಮುಕ್ಕಾಲು ಟನ್ನಿನದು' ಎಂದು ಕರೆಯುವ ಹಳೆಯ ವಾಡಿಕೆ ಇಂಥ ತೂಕದಿಂದಲೇ ಬಂದದ್ದು, ಈಗ ಆ ಹೆಸರುಗಳಿಗೂ ನಿಜವಾದ ತೂಕಕ್ಕೂ ಸಂಬಂಧ ಉಳಿದಿಲ್ಲ.

ಒಂದು ಲೆಕ್ಕ ಹಾಕಬಹುದು. ಚೀಟಿಯಲ್ಲಿ 700 ಕಿಲೊ ಎಂದಿದೆಯೆನ್ನಿ. ಗಂಡ, ಹೆಂಡತಿ, ಬೆಳೆಯುವ ಮೂರು ಮಕ್ಕಳು ಸೇರಿ 330 ಕಿಲೊ. ತೊಟ್ಟಿಯಲ್ಲಿ ಡೇರೆ, ಪಾತ್ರೆ, ಸೈಕಲ್ಲು 80 ಕಿಲೊ. ಹಿಂದೆ 3,000 ಕಿಲೊ ತೂಗುವ ಟ್ರೇಲರ್. ಅದರ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಕೊಂಡಿಯ ಮೂಲಕ ಗಾಡಿಯ ಬೆನ್ನ ಮೇಲೇ ಕೂರುತ್ತದೆ. ಹನ್ನೆರಡು ಎಂದುಕೊಂಡರೆ 360 ಕಿಲೊ. ಮೊತ್ತ 770. ಎಂಜಿನ್ ನಾಲ್ಕೂವರೆ ಸಾವಿರ ಕಿಲೊ ಎಳೆಯಬಲ್ಲದೆಂದು ಜಾಹೀರಾತು ಹೇಳಿದ್ದರೂ, ಮೂರು ಸಾವಿರಕ್ಕೇ ಗಾಡಿಯ ಮಿತಿ ಮೀರಿತು! ಬಲ ಎಂಜಿನ್ನಿನಲ್ಲಿ ಉಳಿದಿತ್ತು, ಸ್ಪ್ರಿಂಗು, ಆಕ್ಸಲ್, ಟೈರುಗಳಲ್ಲಿ ಉಳಿದಿರಲಿಲ್ಲ. ದೊಡ್ಡ ಗೂಡು, ಭಾರದ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಯಂತ್ರ ಇವೆಲ್ಲವೂ ಇದೇ ಚೀಟಿಯ ಅಂಕಿಯಿಂದ ಕಳೆಯುತ್ತ ಹೋಗುತ್ತವೆ. ಹೆಚ್ಚು ಹಣ ಕೊಟ್ಟು ಹೆಚ್ಚು ಸೌಕರ್ಯ ಕೊಂಡವನ ಗಾಡಿ ಕಡಿಮೆ ಹೊರುವುದು ಹೀಗೆ.

ಎತ್ತರದ ಮೂತಿ

ಆಯ್ಕೆಯ ಇನ್ನೊಂದು ಪಾಲುದಾರ ಗಾಡಿಯ ಹೊರಗಿದ್ದಾನೆ. ಅವನು ರಸ್ತೆ ದಾಟುವವನು. ದೊಡ್ಡ ಗಾಡಿಗಳ ಮೂತಿಯೂ ಎತ್ತರ. ಅಮೆರಿಕದ ವಿಮಾ ಸಂಸ್ಥೆಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನ ಸುಮಾರು 18 ಸಾವಿರ ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿತು. ಮೂತಿ 40 ಅಂಗುಲಕ್ಕಿಂತ ಎತ್ತರವಿರುವ ವಾಹನ ಬಡಿದರೆ, 30 ಅಂಗುಲದೊಳಗಿನ ಇಳಿಜಾರು ಮೂತಿಯ ವಾಹನಕ್ಕಿಂತ ಸಾವಿನ ಸಂಭವ ಸುಮಾರು ಶೇ 45ರಷ್ಟು ಹೆಚ್ಚು ಎಂದು ಅದು ಕಂಡಿತು. ಕಾರು ಕಾಲಿಗೆ ಬಡಿಯುತ್ತದೆ, ಎತ್ತರದ ಟ್ರಕ್ಕು ಎದೆಗೆ, ಮಕ್ಕಳಾದರೆ ತಲೆಗೆ. ಮೂತಿಯ ಮರೆಯಲ್ಲಿ ನಿಂತ ಮಗು ಚಾಲಕನಿಗೆ ಕಾಣುವುದೂ ಇಲ್ಲ. ಒಳಗಿನ ಮಕ್ಕಳ ಸುರಕ್ಷತೆಗೆಂದು ಗೂಡು ಬೆಳೆಯಿತು. ಅಂಗಳದಲ್ಲಿ ಆಡುವ ಮಕ್ಕಳಿಗೆ ಅದೇ ಗಾಡಿ ಅಪಾಯವಾಯಿತು.

ಕನ್ನಡ ನಾಡಿಗೆ ಪಿಕಪ್ ಎಂದರೆ ಇಂದಿಗೂ ಮುಖ್ಯವಾಗಿ ಟೊಮೆಟೊ, ಮೇವು, ಇಟ್ಟಿಗೆಯ ಗಾಡಿ. ಕುಟುಂಬದ ಪಿಕಪ್ ಇಲ್ಲಿಗೂ ಕಾಲಿಟ್ಟಿಲ್ಲವೆಂದಲ್ಲ. ಬೆಂಗಳೂರು ಸಮೀಪದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರಲ್ಲಿ ಹೈಲಕ್ಸ್ ಪಿಕಪ್ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. ಐವರು ಕೂರುವ ಜೋಡಿ ಗೂಡು, 2.8 ಲೀಟರಿನ ಡೀಸೆಲ್ ಎಂಜಿನ್. ಗೂಡಿಗೂ ಎಂಜಿನ್ನಿಗೂ ಅಲ್ಲಿ ಬೇರೆ ಆಯ್ಕೆ ಇರಲಿಲ್ಲ. ಆಯ್ಕೆಗಳು ಮುಂದೆ ಬಂದಾವು. ಆಗ ಅಮೆರಿಕದ ಈ ಶತಮಾನದ ಅನುಭವ ಉಪಯೋಗಕ್ಕೆ ಬರುತ್ತದೆ.

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ತನ್ನ ಹೊಲ ಎಷ್ಟು ಎಕರೆ ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ಲೆಕ್ಕ ಹಾಕಿರುತ್ತಾನೆ. ಗೂಡಿನಲ್ಲಿ ದಿನವೂ ಕೂರುವವರು ಎಷ್ಟು, ವರ್ಷದಲ್ಲಿ ಹೊರೆ ಎಳೆಯುವ ದಿನಗಳು ಎಷ್ಟು, ಗಾಡಿ ಓಡಾಡುವ ಬೀದಿಯಲ್ಲಿ ಆಡುವ ಮಕ್ಕಳು ಎಷ್ಟು ಎಂಬ ಮೂರು ಲೆಕ್ಕಗಳನ್ನು ಮನೆಯಲ್ಲೇ ಮಾಡಿಕೊಂಡು ಹೋದರೆ ಮಾರಾಟಗಾರನ ಅಂಗಡಿಯಲ್ಲಿ ಕೇಳಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ.